ವಾಕಿಟಾಕಿಯ ಹಣೆ

ಯಾವುದಾದರೂ ಯಂತ್ರ ಕೆಟ್ಟಿದೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಇದನ್ನು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ. ಪಕ್ಕದ ಮನೆಯವರ ಮಿಕ್ಸಿ ನಿಂತುಹೋಯಿತು ಎಂದರೆ ಬಾಯಿ 'ಅಯ್ಯೋ ಪಾಪ' ಎನ್ನುವಷ್ಟರಲ್ಲಿ ಕೈ ಸ್ಕ್ರೂಡ್ರೈವರ್ ಹುಡುಕಲು ಹೊರಟಿರುತ್ತದೆ. ತಗಡೂರಿನ ಕಡೆಯ ಹೈಸ್ಕೂಲೊಂದರಲ್ಲಿ ಇಡೀ ಆಯುಷ್ಯ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಶಬ್ದ ಹೇಗೆ ಹುಟ್ಟುತ್ತದೆ, ಹೇಗೆ ಹರಿಯುತ್ತದೆ ಎಂಬುದನ್ನು ಕಪ್ಪು ಹಲಗೆಯ ಮೇಲೆ ಅಲೆ ಅಲೆಯಾಗಿ ಬರೆದು ತೋರಿಸಿದವನು. ಅಂಥವನಿಗೆ ಮಿಕ್ಸಿ ಒಂದು ಲೆಕ್ಕವೇ? ಅಂದ ಹಾಗೆ ನಾನು ರಿಪೇರಿ ಮಾಡಿಕೊಟ್ಟ ಆ ಮಿಕ್ಸಿ ಈಗಲೂ ಇದೆ. ಒಬ್ಬರು ವೈರನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡರೆ ಇನ್ನೊಬ್ಬರು ಚಟ್ನಿ ರುಬ್ಬಬಹುದು. ಪಕ್ಕದ ಮನೆಯವರು ಬಹಳ ಒಳ್ಳೆಯವರು. 'ಮೇಷ್ಟ್ರು ಎಷ್ಟು ಚೆನ್ನಾಗಿ ಮಾಡಿಕೊಟ್ರು' ಎಂದು ಹೇಳಿ, ಮರುವಾರ ಸದ್ದಿಲ್ಲದೆ ಹೊಸ ಮಿಕ್ಸಿ ತಂದುಕೊಂಡರು.

ನಿವೃತ್ತಿಯಾದ ಮೇಲೆ ನಮ್ಮ ಉಪನಾಲೆಯ ನೀರು ಬಳಕೆದಾರರ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ನೀರಾವರಿಯ ಬಗ್ಗೆ ನನಗೆ ಏನೋ ಗೊತ್ತು ಎಂದಲ್ಲ, ಕೈಬರಹ ದುಂಡಗಿದೆ ಎಂದು. ಈ ಉಪನಾಲೆ ಉದ್ದದಲ್ಲಿ ಎರಡೂವರೆ ಕಿಲೋಮೀಟರ್ ಇದ್ದರೂ ಅದರ ಠೀವಿ ಏನೂ ಕಡಿಮೆಯದಲ್ಲ. ತಲೆ ನಂಜನಗೂಡು ತಾಲ್ಲೂಕಿನಲ್ಲಿ, ಬಾಲ ತಿ. ನರಸೀಪುರ ತಾಲ್ಲೂಕಿನಲ್ಲಿ. ತಲೆಯ ಕಡೆ ತೂಬಿನ ಗೇಟು ಎತ್ತಿ ಇಳಿಸುವುದು ನೀರುಗಂಟಿ ಸಿದ್ದಯ್ಯನ ಕೆಲಸ. ಅವನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವನ ಅಪ್ಪನೂ ಅದೇ ತೂಬಿನಲ್ಲಿ ನೀರುಗಂಟಿಯಾಗಿದ್ದ. ಬಾಲದ ಕಡೆ ಗದ್ದೆಗಳಿಗೆ ನೀರು ಮುಟ್ಟಿತೋ ಇಲ್ಲವೋ ನೋಡುವವನು ರಾಜಪ್ಪ. ಮುಟ್ಟಿದ ಕೂಡಲೇ ಗೇಟು ಇಳಿಸದಿದ್ದರೆ ಬದು ಒಡೆದು ನಾಟಿ ಕೊಚ್ಚಿಹೋಗುತ್ತದೆ. ಬೇಗ ಇಳಿಸಿದರೆ ಕೊನೆಯ ಗದ್ದೆಯವರು ಸಂಘದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ತೂಬಿನ ಹತ್ತಿರ ಮೊಬೈಲಿಗೆ ಸಿಗ್ನಲ್ ಇಲ್ಲ. ಹಾಗಾಗಿ ರಾಜಪ್ಪ ಸೈಕಲ್ ತುಳಿದುಕೊಂಡು ಬರುವುದು, ದೂರದಿಂದಲೇ ಟವೆಲ್ ಬೀಸುವುದು, ಸಿದ್ದಯ್ಯ ಗೇಟು ತಿರುಗಿಸುವುದು, ಹೀಗೆ ನಡೆದಿತ್ತು. ಇದನ್ನು ನೋಡಿ ನನ್ನೊಳಗಿನ ವಿಜ್ಞಾನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಸಂಘದ ಸಭೆಯಲ್ಲಿ ಎದ್ದು ನಿಂತು, ಲೈಸೆನ್ಸ್ ಬೇಡದ ಸಣ್ಣ ವಾಕಿಟಾಕಿಗಳು ಸಿಗುತ್ತವೆ, ಅವರಿಬ್ಬರಿಗೆ, ಅಧ್ಯಕ್ಷರಿಗೆ, ನನಗೆ ಎಂದು ನಾಲ್ಕು ತರಿಸೋಣ, ಉಳಿದದ್ದು ನನಗೆ ಬಿಡಿ ಎಂದೆ. ಪಾಪ, ಬಿಟ್ಟರು.

ಸೆಟ್ಟುಗಳು ಬಂದವು. ಅವುಗಳನ್ನು ಹಾಗೇ ಹಿಡಿದು ಮಾತಾಡಿದ್ದರೂ ನಡೆಯುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಪೆಟ್ಟಿಗೆಯಲ್ಲಿ ಒಂದು ಕೇಬಲ್ ಇತ್ತು. ಕೇಬಲ್ ಕಂಡ ಮೇಲೆ ಸುಮ್ಮನಿರುವುದುಂಟೇ? ಹಳೆಯ ಲ್ಯಾಪ್‌ಟಾಪ್ ತೆಗೆದು ಧೂಳು ಒರೆಸಿ ಕೂತೆ. ಮೊದಲ ಎರಡು ದಿನ ಲ್ಯಾಪ್‌ಟಾಪು ಕೇಬಲನ್ನು ಗುರುತೇ ಹಿಡಿಯಲಿಲ್ಲ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಮುಖ ತಿರುಗಿಸಿಕೊಂಡಿತ್ತು. ಮೂರನೆಯ ದಿನ ಒಲಿಯಿತು. ಪರದೆಯ ಮೇಲೆ ಚಾನೆಲ್ಲುಗಳ ಪಟ್ಟಿ, ಪಕ್ಕದಲ್ಲಿ ಟೋನ್ ಎಂಬ ಒಂದು ಕಾಲಂ. ಟೋನ್ ಎಂದರೆ ಒಂದು ಬೀಗದ ಕೈ. ಎರಡು ಸೆಟ್ಟಿನಲ್ಲೂ ಒಂದೇ ಟೋನ್ ಇದ್ದರೆ ಮಾತ್ರ ಇವರ ಮಾತು ಅವರಿಗೆ ಕೇಳುತ್ತದೆ. ಬೇರೆ ಬೇರೆ ಇದ್ದರೆ ಆ ಕಡೆ ಹಸಿರು ದೀಪ ಹತ್ತುತ್ತದೆ, ಧ್ವನಿ ಬರುವುದಿಲ್ಲ. ಈ ಸಂಗತಿ ತಿಳಿದಾಗ ನನಗಾದ ಆನಂದ ಅಷ್ಟಿಷ್ಟಲ್ಲ. ನಾಲ್ಕಕ್ಕೂ ಒಂದೇ ಟೋನ್ ಹಾಕಿದೆ ಎಂದುಕೊಂಡು ನಾಲ್ಕಕ್ಕೆ ನಾಲ್ಕು ಬೇರೆ ಬೇರೆ ಟೋನ್ ಹಾಕಿದ್ದೆ. ಆ ಬೆಳಗ್ಗೆ ನಾಲೆಯುದ್ದಕ್ಕೂ ನಾಲ್ಕು ಜನ ಹಸಿರು ದೀಪ ನೋಡುತ್ತಾ, ಒಬ್ಬರ ಮಾತು ಒಬ್ಬರಿಗೆ ಕೇಳದೆ ನಿಂತಿದ್ದೆವು. ಮಧ್ಯಾಹ್ನದೊಳಗೆ ಸರಿಪಡಿಸಿದೆ. ಅಧ್ಯಕ್ಷರಾದ ಮಹದೇವಪ್ಪನವರು, 'ನಮ್ಮ ಮೇಷ್ಟ್ರ ತಲೆ ಏನ್ ತಲೆ' ಎಂದರು. ಆ ಮಾತು ನನ್ನ ತಲೆಗೆ ಏರಿತು.

ಹೊಸದೇನು ಬಂದರೂ ಪೂಜೆ ಮಾಡದೆ ಬಳಕೆಗೆ ತರುವ ಪೈಕಿ ಅಲ್ಲ ನಾವು. ಸ್ಕೂಟರ್ ಬಂದಾಗ ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದೇವೆ, ಫ್ರಿಜ್ಜಿಗೆ ಕುಂಕುಮ ಇಟ್ಟಿದ್ದೇವೆ. ಹಾಗೆಯೇ ಒಂದು ಸೋಮವಾರ ಬೆಳಗ್ಗೆ, ತೂಬಿನ ಕಟ್ಟೆಯ ಮೇಲೆ ನಾಲ್ಕು ಸೆಟ್ಟುಗಳನ್ನು ಬಾಳೆ ಎಲೆಯಲ್ಲಿ ಸಾಲಾಗಿ ಮಲಗಿಸಿ ಕಾಯಿ ಒಡೆದೆವು. ನಂಜುಂಡೇಶ್ವರನ ಊರಿನವನು ನಾನು, ವಿಭೂತಿ ಹಚ್ಚುವ ಕೆಲಸವನ್ನು ಇನ್ನೊಬ್ಬರಿಗೆ ಬಿಡುವುದುಂಟೇ? ಆದರೆ ಒಂದು ಪ್ರಶ್ನೆ ಎದ್ದಿತು: ವಾಕಿಟಾಕಿಯ ಹಣೆ ಯಾವುದು? ಮೇಲ್ಗಡೆ ಹಚ್ಚೋಣವೆಂದರೆ ಅಂಕಿ ತೋರಿಸುವ ಗಾಜು, ಅದರ ಕೆಳಗೆ ಸ್ಪೀಕರಿನ ಜಾಲರಿ. ಜಾಲರಿಯ ಕೆಳಗೆ ಎರಡು ಬೆರಳಿನಷ್ಟು ನುಣುಪಾದ ಜಾಗವಿತ್ತು. ಅದೇ ಹಣೆ ಎಂದು ತೀರ್ಮಾನಿಸಿ, ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಮೂರು ಬೆರಳಲ್ಲಿ ಎಳೆದೆ. ಸೂಜಿಮೊನೆಯಷ್ಟು ಸಣ್ಣ ತೂತೊಂದು ಕಂಡಂತಾಯಿತು. ಸ್ಕ್ರೂ ಹಾಕುವ ಜಾಗವಿರಬೇಕು ಎಂದುಕೊಂಡೆ. ಕೊನೆಯ ಸೆಟ್ಟು ಸಿದ್ದಯ್ಯನದು. ಬಟ್ಟಲಿನಲ್ಲಿ ಉಳಿದದ್ದನ್ನೆಲ್ಲ ಅದಕ್ಕೇ ಹಚ್ಚಿದೆ. ಸಿದ್ದಯ್ಯ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಮಾರನೆಯ ದಿನದಿಂದ ಶುರುವಾಯಿತು. ಅಧ್ಯಕ್ಷರು ಕರೆದರೆ ಸಿದ್ದಯ್ಯನ ಕಡೆಯಿಂದ ಉತ್ತರವಿಲ್ಲ. ಕರೆದವರ ಸೆಟ್ಟಿನ ಹಸಿರು ದೀಪ ಒಂದು ಸಲ ಮಿಣಕ್ ಎನ್ನುತ್ತದೆ, ಆಮೇಲೆ ಸುಮ್ಮನೆ. ನಾನು ಕರೆದರೂ ಅಷ್ಟೇ. 'ಗುಂಡಿ ಒತ್ತಿ ಹಿಡ್ಕೊಂಡು ಮಾತಾಡು ಸಿದ್ದಯ್ಯ, ಬಿಟ್ಟುಬಿಡಬೇಡ' ಎಂದು ಕೂಗಿ ಹೇಳಿದೆ. ಮಿಣಕ್. ಅವನೇ ಒಂದು ದಿನ ಸೆಟ್ಟನ್ನು ಶುಭ್ರವಾದ ಟವೆಲಿನಲ್ಲಿ ಸುತ್ತಿಕೊಂಡು ಸಂಘದ ಆಫೀಸಿಗೆ ಬಂದ.

'ಇದರ ಬಾಯಿ ಕಟ್ದಂಗದೆ ಸಾ' ಎಂದ.

ನಾನು ನಕ್ಕೆ. 'ಇದಕ್ಕೆ ಬಾಯಿ ಅಂತ ಇರಲ್ಲ ಸಿದ್ದಯ್ಯ, ಟೋನ್ ಅಂತ ಇರುತ್ತೆ' ಎಂದು ಅರ್ಧ ಗಂಟೆ ಪಾಠ ಮಾಡಿದೆ. ಅವನು ಒಳ್ಳೆಯ ವಿದ್ಯಾರ್ಥಿ, ಕೈಕಟ್ಟಿಕೊಂಡು ಕೇಳಿದ. ಸೆಟ್ಟಿನ ಮೇಲೆ ನಾನು ಹಚ್ಚಿದ ವಿಭೂತಿ ಒಂದು ಗೆರೆಯೂ ಮಾಸದೆ ಇದ್ದದ್ದು ಕಂಡು ಅವನ ಭಕ್ತಿಗೆ ಮೆಚ್ಚಿದೆ. ಕೇಬಲ್ ಸಿಕ್ಕಿಸಿ ನೋಡಿದರೆ ಅಂಕಿಗಳೆಲ್ಲ ಸರಿಯಾಗಿದ್ದವು. ಆದರೂ ಅಳಿಸಿ ಮತ್ತೆ ಬರೆದೆ. ಎರಡು ದಿನ ಬಿಟ್ಟು ಮತ್ತೊಮ್ಮೆ ತರಿಸಿಕೊಂಡು, ಬೇರೆ ಚಾನೆಲ್ಲಿಗೆ ಎಲ್ಲವನ್ನೂ ಬದಲಾಯಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಇಷ್ಟರಲ್ಲಿ ಆ ಸೆಟ್ಟನ್ನು ಬಾಯಿ ಹತ್ತಿರ ಹಿಡಿದು ನಾನು ಒಮ್ಮೆಯಾದರೂ 'ಹಲೋ' ಎಂದೆನೇ ಎಂದು ನೀವು ಕೇಳಬಹುದು. ಇಲ್ಲ. ಕಂಪ್ಯೂಟರಿನಲ್ಲಿ ಅಂಕಿ ಸರಿಯಿತ್ತು. ಅಂಕಿ ಸರಿಯಿದ್ದ ಮೇಲೆ ತಪ್ಪು ಮನುಷ್ಯನದೇ ಎಂಬ ನಿರ್ಧಾರಕ್ಕೆ ಬಂದೆ.

ಅಧ್ಯಕ್ಷರಿಗೆ ಸಿಟ್ಟು ಬಂದಿತ್ತು. 'ಕರುದ್ರೆ ಮಾತೇ ಆಡಲ್ವಲ್ಲ ಮೇಷ್ಟ್ರೇ, ದೀಪ ಮಿಣಕ್ ಅನ್ಸಿ ಸುಮ್ನಾಯ್ತಾನೆ. ಅಷ್ಟು ಕೊಬ್ಬಾ ಅವನ್ಗೆ? ತೂಬಿಗೆ ಬೇರೆಯವರನ್ನ ಹಾಕುವ, ಶನಿವಾರದ ಸಭೆಗೆ ಒಂದು ವರದಿ ಬರ್ಕೊಂಡು ಬನ್ನಿ' ಎಂದರು. ನಾನು ಬರೆದೆ. 'ಸಾಧನವನ್ನು ಕೂಲಂಕಷವಾಗಿ ಪರೀಕ್ಷಿಸಲಾಗಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಸದರಿ ನೀರುಗಂಟಿಗೆ ಇದರ ಬಳಕೆ ಗ್ರಹಿಸಲು ಸಾಧ್ಯವಾಗುತ್ತಿಲ್ಲ.' ದುಂಡನೆಯ ಅಕ್ಷರ, ಒಂದು ಕಡೆಯೂ ಕಾಟು ಹೊಡೆದಿಲ್ಲ. ಅಪ್ಪನ ಕಾಲದಿಂದ ಬಂದ ತೂಬು ಆ ಎರಡು ಸಾಲಿನಿಂದ ಅವನ ಕೈ ತಪ್ಪುತ್ತದೆ ಎಂದು ನನಗೆ ಗೊತ್ತಿತ್ತು. ಬೇಜಾರಾಯಿತು. ಆದರೂ ವಿಜ್ಞಾನ ವಿಜ್ಞಾನವೇ ತಾನೇ ಎಂದು ಸಮಾಧಾನ ಮಾಡಿಕೊಂಡೆ.

ಶುಕ್ರವಾರ ಮಧ್ಯಾಹ್ನ ಆ ಸೆಟ್ಟು ನಂಜನಗೂಡಿನ ನಮ್ಮ ಮನೆಯಲ್ಲೇ ಇತ್ತು. ಕಡೆಯ ಸಲ ನೋಡೋಣವೆಂದು ತರಿಸಿಕೊಂಡಿದ್ದೆ. ನನ್ನ ಹೆಂಡತಿ ಪಾರ್ವತಿ ಸೋಸಲೆಯವಳು. ನನ್ನ ರಿಪೇರಿಗಳ ಬಗ್ಗೆ ಅವಳಿಗೆ ದೃಢವಾದ ಅಭಿಪ್ರಾಯವಿದೆ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಸ್ಕ್ರೂಡ್ರೈವರ್ ಹಿಡಿದರೆ ಮೆಲ್ಲಗೆ ಎದ್ದು ಹೋಗಿ ಮೇನ್ ಸ್ವಿಚ್ ಆರಿಸಿ ಬರುತ್ತಾಳೆ. ಅವತ್ತು ಊಟಕ್ಕೆ ಎರಡು ಸಲ ಕೂಗಿದರೂ ನಾನು ಲ್ಯಾಪ್‌ಟಾಪಿನಿಂದ ಏಳಲಿಲ್ಲ. ಅವಳು ಸಿದ್ದಯ್ಯನ ಸೆಟ್ಟನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಗುಂಡಿ ಒತ್ತಿದಳು. ನನ್ನ ಮುಂದಿದ್ದ ಸೆಟ್ಟಿನ ಹಸಿರು ದೀಪ ಹತ್ತಿತು. ಅಡುಗೆಮನೆಯಿಂದ 'ಸಾರು ಆರೋಗ್ತಿದೆ, ಬರ್ತೀರೋ ಇಲ್ವೋ' ಎಂಬುದು ಗೋಡೆ ದಾಟಿ ಚೆನ್ನಾಗಿ ಕೇಳಿತು. ಸೆಟ್ಟು ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಅವಳು ಹೊರಗೆ ಬಂದು ಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

'ಏನ್ರೀ, ಇದರ ಬಾಯಿಗೇ ವಿಭೂತಿ ಮೆತ್ತಿದ್ದೀರಲ್ಲ. ಮಾತಾಡು ಅಂದ್ರೆ ಎಲ್ಲಿಂದ ಮಾತಾಡ್ಬೇಕು ಅದು?'

ಸೆರಗಿನ ಪಿನ್ನು ತೆಗೆದು, 'ಶಿವ ಶಿವಾ' ಎಂದು ಸೆಟ್ಟನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಆ ಸಣ್ಣ ತೂತನ್ನು ಕೆದಕಿದಳು. ಸಿಮೆಂಟಿನ ಹಾಗೆ ಗಟ್ಟಿಯಾಗಿದ್ದ ವಿಭೂತಿ ಉದುರಿತು. ಮತ್ತೆ ಗುಂಡಿ ಒತ್ತಿ 'ಊಟಕ್ಕೆ ಬನ್ನಿ' ಎಂದಳು. ನನ್ನ ಮೇಜಿನ ಮೇಲಿನಿಂದ 'ಊಟಕ್ಕೆ ಬನ್ನಿ' ಎಂದು ಖಣಖಣ ಕೇಳಿತು. ಉಳಿದ ಮೂರು ಸೆಟ್ಟು ಹೇಗೆ ಸರಿಯಾಗಿದ್ದವು ಎಂದು ಯೋಚಿಸಿದೆ. ಅಧ್ಯಕ್ಷರ ಸೆಟ್ಟಿನ ವಿಭೂತಿ ಜೇಬಿನ ಬೆವರಿಗೆ ಹೋಗಿತ್ತು, ರಾಜಪ್ಪನದು ಕೆಸರು ಕೈಗೆ, ನನ್ನದನ್ನು ಪಾರ್ವತಿಯೇ ಮೊದಲ ದಿನ ಒರೆಸಿದ್ದಳು. ಕಾಪಾಡಿಕೊಂಡಿದ್ದವನು ಸಿದ್ದಯ್ಯ ಒಬ್ಬನೇ.

ಶನಿವಾರ ಬೆಳಗ್ಗೆ ಸ್ಕೂಟರ್ ಹತ್ತಿ ತೂಬಿಗೆ ಹೋದೆ. ಸಿದ್ದಯ್ಯ ಗೇಟಿನ ಸ್ಕ್ರೂಗೆ ಗ್ರೀಸ್ ಬಳಿಯುತ್ತಿದ್ದ. ನಡೆದದ್ದನ್ನು ಹೇಳಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

'ಆ ತೂತ್ ಮುಚ್ಚೋಗದೆ ಅಂತ ನಂಗೂ ಅನ್ನುಸ್ತು ಸಾ.'

'ಮತ್ತೆ ಒರೆಸಬಾರದಿತ್ತೇನಯ್ಯಾ?'

'ಎಂಗೆ ಸಾ ಒರ್ಸದು? ದ್ಯಾವ್ರ ಇಬೂತಿ. ನೀವೇ ಕೈಯಾರೆ ಅಚ್ಚಿ ಕೊಟ್ಟಿದ್ರಿ.'

'ಹಾಗಾದ್ರೆ ಇಷ್ಟು ದಿನ ನೀರು ಹೇಗೆ ಬಿಟ್ಟೆ?'

ಅವನು ನಕ್ಕ. 'ಅದ್ಕೇನ್ ಸಾ, ರಾಜಪ್ಪನ ಮಾತು ನಂಗೆ ಚೆಂದಾಗ್ ಕೇಳ್ತಿತ್ತಲ್ಲ. ನನ್ ಮಾತು ಓಯ್ತಿರ್ನಿಲ್ಲ, ಗುಂಡಿ ಒತ್ತುದ್ರೆ ಅವನ್ ತಾವ್ ದೀಪ ಅತ್ತೋದು. ಒಂದ್ ದಪ ಮಿಂಚುದ್ರೆ ಗೇಟು ಎತ್ತಿವ್ನಿ, ಎಲ್ಡ್ ದಪ ಮಿಂಚುದ್ರೆ ಇಳ್ಸಿವ್ನಿ ಅಂತ ಇಬ್ರೂ ಮಾತಾಡ್ಕಂಡೋ. ಅಧ್ಯಕ್ಸರು ಕರುದ್ರೆ ಒಂದ್ ದಪ ಮಿಂಚುಸ್ತಿದ್ದೆ, ಕೇಳುಸ್ತು ಸಾಮಿ ಅಂತ.'

ನಾನು ಕಟ್ಟೆಯ ಮೇಲೆ ಕುಳಿತೆ. ಈ ಎರಡು ವಾರದಲ್ಲಿ ಕೊನೆಯ ಗದ್ದೆಯವರು ಯಾರೂ ಆಫೀಸಿನ ಬಾಗಿಲಿಗೆ ಬಂದಿರಲಿಲ್ಲ; ಒಂದು ಬದುವೂ ಒಡೆದಿರಲಿಲ್ಲ. ನೀರು ಹೊತ್ತಿಗೆ ಸರಿಯಾಗಿ ಬಂದು, ಸರಿಯಾಗಿ ನಿಂತಿತ್ತು. ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

'ನೀವು ನನ್ನ ಕೇಳ್ನಿಲ್ವಲ್ಲ ಸಾ. ಕಂಪ್ಯೂಟ್ರ ಕೇಳ್ತಿದ್ರಿ' ಎಂದ. ಚುಚ್ಚಿ ಹೇಳಿದ ಮಾತಲ್ಲ ಅದು. ನಡೆದದ್ದನ್ನು ಹೇಳಿದ, ಅಷ್ಟೇ. ನನಗೆ ಮಾತ್ರ ಬಹಳ ನಾಚಿಕೆಯಾಯಿತು.

ಮಧ್ಯಾಹ್ನದ ಸಭೆಗೆ ಹಳೆಯ ವರದಿ ಹರಿದು ಹೊಸದು ಬರೆದುಕೊಂಡು ಹೋದೆ. ಇಲ್ಲೂ ನನ್ನ ಬುದ್ಧಿ ನೋಡಿ. 'ಸಾಧನದಲ್ಲಿ ಕಂಡುಬಂದ ಸೂಕ್ಷ್ಮ ತಾಂತ್ರಿಕ ದೋಷವನ್ನು ನಿವಾರಿಸಲಾಗಿದೆ' ಎಂದು ಬರೆದಿದ್ದೆ. ಯಾರ ದೋಷ, ಯಾರು ನಿವಾರಿಸಿದ್ದು, ಒಂದೂ ಇಲ್ಲ. ಓದಿ ಮುಗಿಸಿದ ಕೂಡಲೇ ಅಧ್ಯಕ್ಷರು, 'ನೋಡ್ರಪ್ಪ, ಮೇಷ್ಟ್ರು ಇಲ್ದಿದ್ರೆ ಏನ್ ಗತಿ? ಅನ್ಯಾಯವಾಗಿ ಸಿದ್ದಯ್ಯನ್ನ ತೆಗೀತಿದ್ವಲ್ಲ' ಎಂದರು. ಎಲ್ಲರೂ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿದ್ದ ಸಿದ್ದಯ್ಯನೂ ಎದ್ದು ನಿಂತು, 'ಊಂ ಸಾಮಿ, ಮೇಷ್ಟ್ರೇ ಸರಿ ಮಾಡ್ಸಿದ್ದು' ಎಂದುಬಿಟ್ಟ. ಅಧ್ಯಕ್ಷರ ಹೊಗಳಿಕೆಯನ್ನು ನಾನು ಹೇಗೋ ಜೀರ್ಣಿಸಿಕೊಳ್ಳುತ್ತಿದ್ದೆ. ಇವನದನ್ನು ಜೀರ್ಣಿಸಿಕೊಳ್ಳಲಾಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ: ಹಣೆ ಹುಡುಕಿದ್ದು, ಬಾಯಿ ಮುಚ್ಚಿದ್ದು, ಪಿನ್ನು, ಎರಡು ಸಲ ಮಿಂಚುವ ದೀಪ, ಹರಿದು ಹಾಕಿದ ವರದಿ ಸಹಿತ.

ಸಭೆ ನಕ್ಕದ್ದನ್ನು ವರ್ಣಿಸಲಾರೆ. ರಾಜಪ್ಪ ಕಂಬ ಹಿಡಿದುಕೊಂಡು ನಕ್ಕ. ಅಧ್ಯಕ್ಷರು ಕಣ್ಣೊರೆಸಿಕೊಂಡು, 'ಬರ್ಕೊಳಿ ಮೇಷ್ಟ್ರೇ, ಎರಡು ತೀರ್ಮಾನ' ಎಂದರು. ಒಂದು, ಸಿದ್ದಯ್ಯ ತೂಬಿನಲ್ಲೇ ಮುಂದುವರಿಯುವುದು. ಎರಡು, ಇನ್ನು ಮುಂದೆ ಸೆಟ್ಟು ಕೆಟ್ಟರೆ ಕಾರ್ಯದರ್ಶಿಯವರು ಸಿದ್ದಯ್ಯನನ್ನು ಕೇಳದೆ ಅದಕ್ಕೆ ಕೇಬಲ್ ಹಾಕತಕ್ಕದ್ದಲ್ಲ. ಮೊದಲನೆಯದಕ್ಕೆ ಎಲ್ಲರೂ ಕೈ ಎತ್ತಿದರು. ಎರಡನೆಯದಕ್ಕೂ ಎತ್ತಿದರು, ಎಲ್ಲರಿಗಿಂತ ಮುಂಚೆ ನಾನೇ ಎತ್ತಿದೆ. ಅರ್ಧ ಎಕರೆ ಗದ್ದೆಯ ಸದಸ್ಯನಾದ ಸಿದ್ದಯ್ಯ ಮಾತ್ರ ಎರಡೂ ಕೈ ಮಡಿಚಿಕೊಂಡು ಕೂತಿದ್ದ. 'ಅದ ಬರೀಬ್ಯಾಡಿ ಸಾಮಿ. ಮೇಷ್ಟ್ರಿಗೆ ಮರ್ಯಾದೆ ಅದೆ' ಎಂದ. ಎಷ್ಟು ಹೇಳಿದರೂ ಕೈ ಎತ್ತಲಿಲ್ಲ. ಹೀಗಾಗಿ ನಡಾವಳಿ ಪುಸ್ತಕದಲ್ಲಿ 'ಸರ್ವಾನುಮತದಿಂದ' ಎಂದು ಬರೆಯುವ ಹಾಗಿರಲಿಲ್ಲ. 'ಒಬ್ಬ ಸದಸ್ಯರ ವಿರೋಧವಿದೆ: ಶ್ರೀ ಸಿದ್ದಯ್ಯನವರು, ನೀರುಗಂಟಿ' ಎಂದು ನನ್ನ ದುಂಡನೆಯ ಅಕ್ಷರದಲ್ಲೇ ಬರೆದೆ. ಕೆಳಗೆ, ಮೇಲ್ಕಂಡದ್ದೆಲ್ಲ ಸರಿಯಾಗಿದೆ ಎಂದು ಸಹಿ ಹಾಕಬೇಕಾದವನು ಕಾರ್ಯದರ್ಶಿ. ಹಾಕಿದೆ.