ಕೊಟ್ಟು ವಾಪಸ್ ಕೇಳುವ ಅತ್ತೆ

ನಮ್ಮ ಸೋದರತ್ತೆ ನಿಮಗೆ ಏನಾದರೂ ಕೊಟ್ಟರೆ ದಯವಿಟ್ಟು ಖುಷಿಪಡಬೇಡಿ. ಸದ್ಯದಲ್ಲೇ ವಾಪಸ್ ಕೇಳಲು ಬರುತ್ತಾರೆ! ಹಾಗಂತ ಅವರೇನೂ ಜಿಪುಣರಲ್ಲ. ಬಾಣಸವಾಡಿಯಲ್ಲಿ ನಮ್ಮಜ್ಜ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿಕೊಂಡು ಕೂತವರಿಗೆ ಜಿಪುಣತನ ಯಾಕೆ ಬೇಕು? ಅವರ ಕಾಯಿಲೆಯೇ ಬೇರೆ. ಯಾವುದು ಕೈತಪ್ಪಿದರೆ ಕಷ್ಟವೋ ಅದರ ಒಂದು ಪಾಲು ಬೇರೆಯವರ ಮನೆಯಲ್ಲಿರಬೇಕು. ಕೇಳಿದಾಗ ಅದು ಬರುತ್ತದೋ ಇಲ್ಲವೋ ಎಂದು ಆಗಾಗ ಪರೀಕ್ಷೆಯನ್ನೂ ಮಾಡುತ್ತಿರಬೇಕು.

ಮೊಸರಿನ ಹೆಪ್ಪನ್ನೇ ತೆಗೆದುಕೊಳ್ಳಿ. ಎದುರುಮನೆಯ ತಮಿಳು ಆಂಟಿಗೆ ಇವತ್ತು ಹೆಪ್ಪು ಕೊಟ್ಟು, ನಾಳೆ ಬಟ್ಟಲು ಹಿಡಿದುಕೊಂಡು ಅವರ ಬಾಗಿಲಲ್ಲಿ ನಿಲ್ಲುತ್ತಾರೆ.

“ಅಕ್ಕಾ, ನಿನ್ನೆ ತಾನೇ ನೀವೇ ಕೊಟ್ರಲ್ಲಾ! ನಿಮ್ಮನೇಲಿ ಮೊಸರಿಲ್ವಾ?”

“ಪಾತ್ರೆ ತುಂಬ ಇದೆ ಕಣಮ್ಮ. ನೀನು ಕೊಡ್ತೀಯೋ ಇಲ್ವೋ ನೋಡ್ಬೇಕಿತ್ತು.”

ಇಂಥವರ ಕೈಗೆ ಕಂಪ್ಯೂಟರ್ ಬ್ಯಾಕಪ್ ಎಂಬ ವಿಷಯ ಸಿಕ್ಕಿದರೆ ಗತಿಯೇನು? ಸಿಕ್ಕಿಯೇಬಿಟ್ಟಿತು!

ಅದಕ್ಕೆ ಕಾರಣ ಮೊಮ್ಮಗಳು. ಆ ಮಗುವಿಗೆ ಮಾತು ಬಹಳ ತಡವಾಗಿ ಬಂತು. ಓರಗೆಯ ಮಕ್ಕಳು ಪದ್ಯ ಒಪ್ಪಿಸುವ ಹೊತ್ತಿಗೆ ಇವಳು “ಅ” ಎನ್ನಲು ಒದ್ದಾಡುತ್ತಿದ್ದಳು. ಮಗ, ಸೊಸೆ ಇಬ್ಬರಿಗೂ ಕೆಲಸ. ಅತ್ತೆಯೇ ಅವಳನ್ನು ಆಟೋದಲ್ಲಿ ಕುಕ್ ಟೌನಿಗೆ ಸ್ಪೀಚ್ ಥೆರಪಿಗೆ ಕರೆದೊಯ್ದು, ಅಲ್ಲಿ ಹೇಳಿಕೊಟ್ಟಿದ್ದನ್ನೆಲ್ಲ ಮನೆಯಲ್ಲಿ ಮಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಮೊಬೈಲ್ ತುಂಬಿದಾಗಲೆಲ್ಲ ಮಗನ ಕೈಲಿ ನಡುಮನೆಯ ಹಳೇ ಕಂಪ್ಯೂಟರಿಗೆ ಹಾಕಿಸುತ್ತಿದ್ದರು. ಈಗ ಅವಳು ಎರಡನೇ ಕ್ಲಾಸು, ಬಾಯಿ ಮುಚ್ಚಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ಆ ಮೊದಮೊದಲ ಸದ್ದುಗಳೆಲ್ಲ ಇದ್ದದ್ದು ಆ ಒಂದೇ ಡಬ್ಬದೊಳಗೆ. ಡಬ್ಬ ಕೈಕೊಟ್ಟರೆ ಅವು ಮತ್ತೆ ಸಿಗುವುದಿಲ್ಲ ಎಂಬ ಭಯ ಅತ್ತೆಯನ್ನು ಕಾಡುತ್ತಿತ್ತು.

ಮೊದಲು ತಮ್ಮ ಪದ್ಧತಿಯಂತೆ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿಸಿ ಹಲಸೂರಿನ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಇಡಿಸಿದರು. ಕೆಲವು ದಿನ ಬಿಟ್ಟು ವಾಪಸ್ ಕೇಳಿದರು. ಬಂತು. ಹಾಕಿ ನೋಡಿದರೆ ಡಂಡಣಕ ಸಿನಿಮಾ ಹಾಡು!

“ಖಾಲಿ ಅನ್ಕೊಂಡೆ ಅಕ್ಕ. ಕಾರಲ್ಲಿ ಕೇಳೋಕೆ ಹಾಡು ತುಂಬಿಸ್ಕೊಂಡೆ,” ಎಂದರು ಚಿಕ್ಕಪ್ಪ. ಅತ್ತೆ ಆ ಹಬ್ಬಕ್ಕೆ ತಮ್ಮನ ಮನೆಗೆ ಹೋಳಿಗೆ ಕಳಿಸಲಿಲ್ಲ, ಪೆನ್‌ಡ್ರೈವನ್ನು ಮತ್ತೆ ನಂಬಲೂ ಇಲ್ಲ.

ಅಷ್ಟರಲ್ಲಿ ಕಂಪ್ಯೂಟರ್ ಕಟಕಟ ಎನ್ನತೊಡಗಿತು. ಶಿವಾಜಿನಗರದ ರಿಪೇರಿ ಭಾಯ್ ಅದಕ್ಕೆ ಕಿವಿಯಿಟ್ಟು ಕೇಳಿ, “ಅಮ್ಮಾ, ಡಿಸ್ಕ್ ಜಾಸ್ತಿ ದಿನ ಬರಲ್ಲ. ಬಿಚ್ಚಿ ಇನ್ನೊಂದಕ್ಕೆ ಕಾಪಿ ಮಾಡ್ಕೊಡ್ತೀನಿ,” ಎಂದರು.

“ಬಿಚ್ಚುವಾಗ ಹೋಗ್ಬಿಟ್ರೆ? ಬ್ಯಾಕಪ್ ಇಲ್ದೆ ಬಿಚ್ಚೋಕೆ ಬಿಡಲ್ಲಪ್ಪ.”

“ಅರೇ, ಬ್ಯಾಕಪ್ ತಗೊಳ್ಳೋಕೇ ಅಲ್ವಾ ಅಮ್ಮಾ ಬಿಚ್ಚೋದು!”

ಈ ಚಕ್ರದಲ್ಲಿ ಸುತ್ತಿ ಸುತ್ತಿ ಸುಸ್ತಾದ ಭಾಯ್ ಕೊನೆಗೆ ಕೈಮುಗಿದು, “ಹಂಗಾದ್ರೆ ಕ್ಲೌಡ್‌ಗೆ ಹಾಕಿ, ಬಿಚ್ಚೋದೇ ಬ್ಯಾಡ,” ಎಂದು ಬಚಾವಾದರು. ಸಿಕ್ಕಿಬಿದ್ದವನು ನಾನು. ಇಂದಿರಾನಗರದ ಹಲ್ಲಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವುದು ನನ್ನ ಕೆಲಸ. ಅದನ್ನು ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತೇನಾದ್ದರಿಂದ ನಮ್ಮ ವಂಶಕ್ಕೆಲ್ಲ ನಾನೇ ಕಂಪ್ಯೂಟರ್ ಪಂಡಿತ!

“ಆ ಕ್ಲೌಡ್ ಇರೋದೆಲ್ಲಿ?” ಎಂದರು ಅತ್ತೆ.

“ಯಾವುದೋ ದೇಶದಲ್ಲಿ, ದೊಡ್ಡ ಕಟ್ಟಡದಲ್ಲಿ. ಇಂಟರ್ನೆಟ್‌ನಲ್ಲಿ ಕಳಿಸಿದ್ರೆ ಅಲ್ಲಿ ಕಾದಿಡ್ತಾರೆ.”

“ಅಲ್ಲಿ ಕರೆಂಟ್ ಹೋಗುತ್ತಾ?”

“ಹೋಗಲ್ಲ ಅತ್ತೆ.”

“ಹಾಗಾದ್ರೆ ಬಾಣಸವಾಡಿ ಅಲ್ಲ ಬಿಡು. ಹಾಕು.”

ಹಾಕು ಎಂದರೇನು, ಸುಮ್ಮನೆ ಹಾಕಿಬಿಡಲಾಗುತ್ತದೆಯೇ? ಪರೀಕ್ಷೆಯಾಗಬೇಕಲ್ಲ! ಪರೀಕ್ಷೆಗೆಂದೇ ಅತ್ತೆ ತಮ್ಮ ಕೆಮ್ಮನ್ನು ರೆಕಾರ್ಡ್ ಮಾಡಿಸಿದರು. ಕಳೆದುಹೋದರೂ ನಷ್ಟವಿಲ್ಲದ್ದು ಅದೊಂದೇ ಅಂತೆ. ಹೀಗೆ ಕಾದಿಡುವ ಕಂಪನಿಗಳಲ್ಲಿ ಮೊದಲನೆಯದು ಬಿಟ್ಟಿ. ಕೆಮ್ಮು ಅಲ್ಲಿಗೆ ಹೋಯಿತು. ಅತ್ತೆ ಮನೆಯ ಕಂಪ್ಯೂಟರಿನಿಂದ ಅದನ್ನು ಅಳಿಸಿದರು. ನೋಡಿದರೆ ಅಲ್ಲಿಂದಲೂ ಮಾಯ! ಇಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡುವುದು ಆ ಕಂಪನಿಯ ಕ್ರಮ.

“ಗಾಬರಿಯಾಗ್ಬೇಡಿ, ಕೆಲವು ದಿನ ಅವರ ಕಸದ ಬುಟ್ಟೀಲಿ ಇರುತ್ತೆ,” ಎಂದೆ.

“ಮೊಮ್ಮಗಳ ಮಾತನ್ನ ಕಸದ ಬುಟ್ಟಿಯಿಂದ ಆಯ್ಕೋಬೇಕೇನೋ?”

ಆ ಕಂಪನಿ ಫೇಲು. ಎರಡನೆಯದು ಬಹಳ ಅಗ್ಗ. ಕೆಳಗಿನ ಸಣ್ಣ ಅಕ್ಷರಗಳನ್ನೆಲ್ಲ ಅತ್ತೆ ನನ್ನಿಂದ ಗಟ್ಟಿಯಾಗಿ ಓದಿಸಿದರು. ಅಗ್ಗ ಮೊದಲ ವರ್ಷಕ್ಕೆ ಮಾತ್ರ, ಆಮೇಲೆ ಕಂಪನಿ ಹೇಳಿದಷ್ಟು. ಅತ್ತೆಗೆ ಕೆಂಡದಂಥ ಕೋಪ ಬಂತು.

“ಬಾಡಿಗೆಗೆ ಬರೋರಿಗೆ ನಾನು ಮಾಡೋದನ್ನ ಇವನು ನನಗೇ ಮಾಡ್ತಾನಾ!”

ಮೂರನೆಯ ಕಂಪನಿ ಬಿಟ್ಟಿಯೂ ಅಲ್ಲ, ತೀರಾ ದುಬಾರಿಯೂ ಅಲ್ಲ. ನಾವು ಅಳಿಸಿದ್ದನ್ನೂ ವರ್ಷದವರೆಗೆ ಕಾದಿಡುತ್ತದೆ. ಕೆಮ್ಮು ಕೊಟ್ಟೆವು, ಇಲ್ಲಿ ಅಳಿಸಿದೆವು, ವಾಪಸ್ ಕೇಳಿದೆವು. ಬಂತು! ಅತ್ತೆ ಕಣ್ಣು ಮುಚ್ಚಿಕೊಂಡು ಸಂಗೀತದಂತೆ ಕೇಳಿ, “ಕಫದ ಸಮೇತ ಕೊಟ್ಟಿದ್ದಾನೆ ಕಣೋ,” ಎಂದು ಸಂಭ್ರಮಪಟ್ಟರು.

ಇನ್ನು ಪಾಸ್‌ವರ್ಡ್. ಮರೆತರೆ ಕಂಪನಿಯವರೂ ತೆಗೆದುಕೊಡಲಾರರು, ಯಾರಿಗೂ ಹೇಳಬೇಡಿ ಎಂದು ಅವರದೇ ಎಚ್ಚರಿಕೆ. ಅತ್ತೆ ಏನು ಮಾಡಿದರು ಗೊತ್ತೇ? ಅದನ್ನು ಮೂರು ತುಂಡು ಮಾಡಿ ಒಂದು ನನಗೆ, ಒಂದು ತಮಿಳು ಆಂಟಿಗೆ, ಒಂದು ಚಿಕ್ಕಪ್ಪನಿಗೆ ಹಂಚಿದರು! “ಪೂರ್ತಿ ಯಾರಿಗೂ ಹೇಳಿಲ್ವಲ್ಲ!” ಆಮೇಲೆ ರೆಕಾರ್ಡುಗಳೆಲ್ಲ ಅಲ್ಲಿಗೆ ಹೋಗಿ ಸೇರುವವರೆಗೆ ಆ ಮನೆಯಲ್ಲಿ ಟಿವಿ ಇಲ್ಲ, ಮಿಕ್ಸಿ ಇಲ್ಲ. ಫ್ಯೂಸ್ ಹೋದೀತೆಂದು ಸೊಸೆ ಚಟ್ನಿಯನ್ನು ಒರಳಿನಲ್ಲಿ ರುಬ್ಬಿದಳು.

ಅದು ಮುಗಿದ ವಾರದಲ್ಲೇ ಕಂಪ್ಯೂಟರ್ ಕೊನೆಯ ಸಲ ಕಟಕಟ ಎಂದು ಸುಮ್ಮನಾಯಿತು. ನಾನು ಓಡಿಹೋದಾಗ ಅತ್ತೆ ಅದರ ಮುಂದೆ ಕೂತಿದ್ದರು. ಅಷ್ಟೆಲ್ಲ ಪರೀಕ್ಷೆ ಮಾಡಿದ್ದವರ ಮುಖ ಬಿಳಿಚಿಕೊಂಡಿತ್ತು. “ಕೆಮ್ಮು ಬಂತು ನಿಜ. ಇದು ಬರುತ್ತೇನೋ?” ಎಂದರು.

ಮಗನ ಲ್ಯಾಪ್‌ಟಾಪ್ ತೆರೆದೆವು. ಆ ಗಾಬರಿಯಲ್ಲಿ ಅತ್ತೆಗೆ ಪಾಸ್‌ವರ್ಡಿನ ಒಂದಕ್ಷರವೂ ನೆನಪಾಗಲಿಲ್ಲ. ನನ್ನ ತುಂಡು ನನ್ನಲ್ಲಿತ್ತು. ಚಿಕ್ಕಪ್ಪ ತಮ್ಮದನ್ನು ಫೋನಿನಲ್ಲಿ ಹೇಳಿದರು. ಮಧ್ಯದ ತುಂಡು ಮಾತ್ರ ಆಂಟಿಯ ಜೊತೆ ರೈಲು ಹತ್ತಿ ಸೇಲಂ ಕಡೆಗೆ ಹೊರಟಿತ್ತು! ಫೋನ್ ಮಾಡಿದರೆ ಗಡಗಡ ಸದ್ದಿನ ನಡುವೆ ಅವರ ಕೂಗು: “ಎಂ, ಅಕ್ಕಾ! ದೊಡ್ಡ ಎಂ! ಮುರುಗನ್ ಎಂ!” ಆ ಇಡೀ ಬೋಗಿಗೆ ನಮ್ಮ ಪಾಸ್‌ವರ್ಡಿನ ನಡುಭಾಗ ಬಾಯಿಪಾಠವಾಗಿರಬೇಕು.

ಬೀಗ ತೆರೆಯಿತು. ರೆಕಾರ್ಡುಗಳು ಒಂದೊಂದಾಗಿ ಇಳಿದು ಬರತೊಡಗಿದವು. ಅತ್ತೆ ನನ್ನ ತೋಳು ಹಿಡಿದುಕೊಂಡು, “ಎಲ್ಲಕ್ಕಿಂತ ಹಳೇದು ಹಾಕೋ,” ಎಂದರು.

ಹಾಕಿದೆ. “ಅಜ್ಜಿ ಅನ್ನು ಚಿನ್ನ, ಅಜ್ಜಿ,” ಎಂಬ ಅತ್ತೆಯ ದನಿ. ಆಮೇಲೆ ಒಂದು ಪುಟ್ಟ ದನಿ. “ಅ… ಅ…” ಮತ್ತೆ “ಅ…” ಮುಂದಕ್ಕೆ ಹೋಗಲಾರದೆ ಮಗು ಅಳತೊಡಗಿತು. ಅತ್ತೆಯ ಕಣ್ಣು ತುಂಬಿತು. ಎಲ್ಲವೂ ಬಂದಿತ್ತು, ಆ ಅಳು ಕೂಡ.

ನಾವಿಬ್ಬರೂ ಗಮನಿಸಿರಲಿಲ್ಲ, ಮೊಮ್ಮಗಳು ಹಿಂದೆ ಬಂದು ನಿಂತಿದ್ದಳು. ಇವನ್ನು ಅವಳು ಎಂದೂ ಕೇಳಿದವಳಲ್ಲ.

“ಯಾರಜ್ಜಿ ಇದು?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ನೀನೇ ಪುಟ್ಟಿ, ಚಿಕ್ಕೋಳಿದ್ದಾಗ,” ಎಂದೆ ನಾನು. ಎಲ್ಲಿ ನೊಂದುಕೊಳ್ಳುತ್ತಾಳೋ ಎಂದು ನಿಲ್ಲಿಸಲು ಹೋದರೆ ನನ್ನ ಕೈ ಸರಿಸಿದಳು. ಆ ಅಳುವನ್ನು ಪೂರ್ತಿ ಕೇಳಿದಳು. ಆಮೇಲೆ ಕುರ್ಚಿಯ ಮೇಲೆ ಮೊಣಕಾಲೂರಿ, ಲ್ಯಾಪ್‌ಟಾಪಿನ ಹತ್ತಿರಕ್ಕೆ ಬಾಯಿ ತಂದು ಮೆಲ್ಲಗೆ ಹೇಳಿದಳು:

“ಅಳ್ಬೇಡ ಪಾಪು. ಬರುತ್ತೆ. ನಂಗೂ ಬಂತಲ್ಲ.”