ಎಂಟು ಹಾಸಿಗೆ, ಒಂದು ಸಂದರ್ಶನ

ಹೆಂಡತಿಯ ಏಳಿಗೆಗೆ ಹೆಗಲು ಕೊಡುವ ಗಂಡ ಹೇಗಿರಬೇಕು ಎಂಬುದಕ್ಕೆ ನೈರೋಬಿ ನಗರದಲ್ಲಿ ಮಾದರಿಯೊಂದು ಬೇಕಾಗಿದ್ದರೆ, ಆ ಏಪ್ರಿಲ್ ತಿಂಗಳ ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ ಅದು ನಾನೇ ಆಗಿದ್ದೆ.

ಸೌತ್ ಬಿಯ ನಮ್ಮ ಬಡಾವಣೆ ಅಂದು ದ್ವೀಪವಾಗಿತ್ತು. ಹಿಂದಿನ ದಿನದಿಂದ ಸುರಿದ ಮಳೆಗೆ ಮುಖ್ಯರಸ್ತೆಯಲ್ಲಿ ಮೊಣಕಾಲುದ್ದ ನೀರು. ಓಡಾಡುವ ಮಟಾಟು ವ್ಯಾನುಗಳಿಲ್ಲ, ಕಚೇರಿ ಇಲ್ಲ, ಕರೆಂಟೂ ಇಲ್ಲ. ಇದನ್ನು ಪ್ರಕೃತಿ ವಿಕೋಪ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಚರಂಡಿಯ ಮೇಲೆ ಕಟ್ಟಡ ಕಟ್ಟಿದವರದು ಒಂದು ತಪ್ಪು, ಕಟ್ಟಲು ಬಿಟ್ಟವರದು ಎರಡನೆಯದು, ನೋಡಿಯೂ ಸುಮ್ಮನಿದ್ದ ನಮ್ಮದು ಮೂರನೆಯದು. ಉಪ್ಪಿಟ್ಟು ತಿನ್ನುವಾಗ ಇದನ್ನು ಮನೆಯವರ ಮುಂದೆ ವಿವರವಾಗಿ ಮಂಡಿಸಿದೆ. ಯಾರೂ ಪ್ರಶ್ನೆ ಕೇಳಲಿಲ್ಲ.

ಹನ್ನೊಂದೂವರೆಗೆ ನನ್ನ ಹೆಂಡತಿ ಪ್ರತಿಮಾಳ ಸಂದರ್ಶನವಿತ್ತು. ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರಲ್ಲಿ ಅವಳು ಹನ್ನೊಂದು ವರ್ಷದಿಂದ ಗುಣಮಟ್ಟ ಪರೀಕ್ಷಿಸುತ್ತಿದ್ದಾಳೆ. ಅವಳು ಕೈಹಿಡಿದು ಕೆಲಸ ಕಲಿಸಿದ ಮೂವರು ಗಂಡಸರು ಒಬ್ಬರ ಹಿಂದೊಬ್ಬರಂತೆ ಅವಳ ಮೇಲಧಿಕಾರಿಗಳಾದರು. ಈಗ ಜಿನೀವಾದ ಸಂಸ್ಥೆಯೊಂದು ಪೂರ್ವ ಆಫ್ರಿಕಾದ ಮುಖ್ಯಸ್ಥೆಯ ಹುದ್ದೆಗೆ ಅವಳನ್ನು ಲ್ಯಾಪ್‌ಟಾಪಿನ ಮೂಲಕ ಮಾತನಾಡಿಸಲಿತ್ತು. ಬ್ಯಾಟರಿಯಲ್ಲಿ ಎರಡು ಗಂಟೆಯ ಜೀವವಿತ್ತು. ನೆಟ್‌ವರ್ಕ್ ಸಿಗುವುದು ಮಲಗುವ ಕೋಣೆಯಲ್ಲಿ ಮಾತ್ರ. ಅಲ್ಲಿ ತೆರೆದ ಕಿಟಕಿಯ ಸರಳಿಗೆ ಮೋಡೆಮ್ ಕಟ್ಟಿದ್ದೆವು.

ಹನ್ನೊಂದಕ್ಕೆ ಸರಿಯಾಗಿ ಆಲಿಕಲ್ಲು ಶುರುವಾಯಿತು. ಅಂಗಳವೆಲ್ಲ ಬೆಳ್ಳಗಾಯಿತು.

"ಡ್ಯಾಡೀ, ಸ್ನೋ!" ಎಂದು ಒಂಬತ್ತು ವರ್ಷದ ಮಗಳು ಇಂಚರ ಕುಣಿದಳು.

"ಅದು ಹಿಮ ಅಲ್ಲಮ್ಮ, ಆಲಿಕಲ್ಲು. ಎರಡಕ್ಕೂ ವೈಜ್ಞಾನಿಕವಾಗಿ..."

"ಇಟ್ಸ್ ವೈಟ್, ಡ್ಯಾಡೀ. ಇಟ್ಸ್ ಸ್ನೋ."

ಆ ಚರ್ಚೆ ಮುಂದುವರಿಯಲು ಸದ್ದು ಬಿಡಲಿಲ್ಲ. ಕೋಣೆಯ ಕಿಟಕಿಯ ಕೆಳಗೇ ಕಾರು ನಿಲ್ಲಿಸುವ ತಗಡಿನ ಚಪ್ಪರ. ನೂರು ತಮಟೆಗಳನ್ನು ಒಟ್ಟಿಗೆ ಬಾರಿಸಿದಂತಿತ್ತು. ಪ್ರತಿಮಾ ಇಯರ್‌ಫೋನ್ ಕಿತ್ತು ಹೊರಗೆ ಬಂದಳು.

"ಸುಧಿ, ಒಂದೇ ಒಂದು ಹೆಲ್ಪ್ ಮಾಡು. ಇವಳನ್ನ ಹಾಲ್‌ಗೆ ಕರ್ಕೊಂಡು ಹೋಗಿ ಚೌಕಾಬಾರ ಆಡ್ಕೊಂಡಿರು. ಬೇರೇನೂ ಮಾಡ್ಬೇಡ."

"ನಾನಿದ್ದೀನಲ್ಲ, ನೀನು ಚಿಂತೆ ಬಿಡು."

"ಚಿಂತೆ ಅದೇ" ಎಂದು ಬಾಗಿಲು ಹಾಕಿಕೊಂಡಳು.

ಮದುವೆಯಾದ ದಿನವೇ ನನ್ನನ್ನು ಹೆಸರಿನಿಂದಲೇ ಕರೆಯಬೇಕೆಂದು ಅವಳನ್ನು ಒತ್ತಾಯಿಸಿದವನು ನಾನು. ಅಂಥವನು, ಹೆಂಡತಿ ಯುದ್ಧಭೂಮಿಯಲ್ಲಿರುವಾಗ ಕವಡೆ ಎಸೆಯುತ್ತ ಕೂರುವುದೇ? ಶತಮಾನಗಳಿಂದ ಗಂಡಸರು ಮಾಡಿಕೊಂಡು ಬಂದ ಅನ್ಯಾಯ ಅದೇ ಅಲ್ಲವೇ? ನಾಲ್ಕು ಸಲ ಕವಡೆ ಎಸೆಯುವಷ್ಟರಲ್ಲಿ ನನ್ನ ಆತ್ಮಸಾಕ್ಷಿ ಎದ್ದು ನಿಂತಿತು. ತಗಡಿನ ಮೇಲೆ ಮೆತ್ತನೆಯದೇನಾದರೂ ಹಾಸಿದರೆ ಸದ್ದಡಗುತ್ತದೆ!

"ವೈ ಡೋಂಟ್ ಯೂ ಜಸ್ಟ್ ಕ್ಲೋಸ್ ದ ವಿಂಡೋ?" ಎಂದಳು ಇಂಚರ.

"ಕಿಟಕಿ ಮುಚ್ಚೋದು ತಾತ್ಕಾಲಿಕ ಪರಿಹಾರ ಮಗಳೇ. ಸಮಸ್ಯೆಯ ಬೇರಿಗೇ ಕೈ ಹಾಕಬೇಕು."

ಮಗಳ ಕೋಣೆಯ ಹಾಸಿಗೆಯನ್ನು ಹೊತ್ತು ಕೆಳಗಿಳಿದೆ. ಕಾವಲುಗಾರ ಮುತುವಾ ಏಣಿ ತಂದು, ತಾನೇ ಹತ್ತಲು ಹೊರಟ. ತಡೆದೆ. ಸುರಕ್ಷತಾ ಸಾಧನವಿಲ್ಲದೆ ಕಾರ್ಮಿಕನನ್ನು ಎತ್ತರಕ್ಕೆ ಹತ್ತಿಸುವುದು ಶೋಷಣೆ. ಅದರ ವಿರುದ್ಧ ಹೋರಾಡುವುದೇ ನನ್ನ ಉದ್ಯೋಗ. ಇಂಚರಳ ಗುಲಾಬಿ ಬಣ್ಣದ ಸೈಕಲ್ ಹೆಲ್ಮೆಟ್ ತಲೆಗೆ ಸಿಕ್ಕಿಸಿಕೊಂಡು ನಾನೇ ಹತ್ತಿದೆ.

"ಸವಾ, ಬಾಸ್" ಎಂದು ಸ್ವಾಹಿಲಿಯಲ್ಲಿ ಸರಿಯೆಂದು ಮುತುವಾ ಏಣಿ ಹಿಡಿದುಕೊಂಡ. ಆ 'ಬಾಸ್' ಎಂಬ ಪದದಲ್ಲಿರುವ ಯಜಮಾನಿಕೆಯ ವಾಸನೆಯನ್ನು ನಾಲ್ಕು ವರ್ಷದಿಂದ ವಿರೋಧಿಸುತ್ತಿದ್ದೇನೆ. ಪ್ರತಿ ಸಲವೂ ಅವನು ಒಪ್ಪಿಕೊಂಡು "ಸವಾ, ಬಾಸ್" ಎನ್ನುತ್ತಾನೆ.

ಹಾಸಿಗೆ ಹಾಸಿದ ಕಡೆ ಸದ್ದು ನಿಂತಿತು. ಸಂಪೂರ್ಣ ನಿಂತಿತು! ಆದರೆ ಚಪ್ಪರ ದೊಡ್ಡದು. ಕೆಳಗಿಳಿದು ಮನೆಮನೆಯ ಬಾಗಿಲು ತಟ್ಟಿದೆ. ದುಡಿಯುವ ಮಹಿಳೆಗೆ ಸಿಗದ ಬಡ್ತಿಯ ಬಗ್ಗೆ ಪ್ರತಿ ಹೊಸ್ತಿಲಲ್ಲೂ ಚುಟುಕಾಗಿ ಮಾತನಾಡಿದೆ. ಬೆಳಗಿನಿಂದ ಹೊತ್ತು ಹೋಗದೆ ಆಕಳಿಸುತ್ತಿದ್ದ ನೆರೆಹೊರೆಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕಿತ್ತೇ? ಏಳು ಹಾಸಿಗೆಗಳು ಕೂಡಿಬಂದವು. ಎದುರುಮನೆಯ ಹಿರಿಯಾಕೆ ಮಾಮಾ ವಂಬುಯಿಯಂತೂ ಹಾಸಿಗೆಯ ಜೊತೆಗೆ ತಾವೂ ಬಂದು, ಛತ್ರಿ ಹಿಡಿದು ನಿಂತು, ಎಡಕ್ಕೆ ಬಲಕ್ಕೆ ಎಂದು ನಿರ್ದೇಶನ ಕೊಟ್ಟರು. ಜನಾಂದೋಲನ ಎಂದರೆ ಇದು!

ಎಂಟನೆಯದನ್ನು ಹಾಸುವಾಗ ಮುತುವಾ ಕೆಳಗಿನಿಂದ ಕೂಗಿದ: "ಬಾಸ್, ದ ಮ್ಯಾಟ್ರೆಸ್ ಈಸ್ ಡ್ರಿಂಕಿಂಗ್!"

ಕುಡಿಯುತ್ತಿರುವುದು ಒಂದಲ್ಲ, ಎಂಟೂ ಎಂದು ನನಗೆ ತಿಳಿದಾಗ ತಡವಾಗಿತ್ತು. ನೀರು ಹೀರಿದ ಒಂದೊಂದೂ ಮರಿಯಾನೆಯಷ್ಟು ತೂಗುತ್ತಿತ್ತು. ಚಪ್ಪರ ಮೊದಲು ನರಳಿತು. ಆಮೇಲೆ, ವಯಸ್ಸಾದವರು ಕುರ್ಚಿಯಲ್ಲಿ ಕೂರುವಂತೆ, ಬಹಳ ನಿಧಾನವಾಗಿ, ಒಂದು ಬದಿಗೆ ಕುಳಿತುಕೊಂಡಿತು. ಎಂಟು ಹಾಸಿಗೆ ಮತ್ತು ಒಬ್ಬ ಹೋರಾಟಗಾರ ಜಾರುಬಂಡೆಯಲ್ಲಿ ಜಾರಿದಂತೆ ಅಂಗಳಕ್ಕೆ ಬಂದು ಸೇರಿದೆವು. ನನಗೆ ಒಂದು ಗೀರೂ ಆಗಲಿಲ್ಲ. ಅಷ್ಟು ಮೆತ್ತನೆಯ ಕುಸಿತವನ್ನು ನಾನು ಕಂಡಿಲ್ಲ.

ಚಪ್ಪರದಡಿಯಲ್ಲಿ ಅಂದು ಒಂದೇ ಕಾರಿತ್ತು. ನಮ್ಮದು. ಅದರ ಬೆನ್ನಿಗೆ ತಗಡು ತಾಗಿತು. ಅಲಾರಂ ಹೊಡೆದುಕೊಳ್ಳತೊಡಗಿತು!

ಆ ಕೂಗಿನ ಮುಂದೆ ಆಲಿಕಲ್ಲು ಪಿಸುಮಾತು. ಕೀಲಿ ಇದ್ದದ್ದು ಮಲಗುವ ಕೋಣೆಯ ಮೇಜಿನ ಡ್ರಾಯರಿನಲ್ಲಿ. ಮೇಲಕ್ಕೋಡಿದೆ. ಕ್ಯಾಮೆರಾಕ್ಕೆ ಕಾಣಬಾರದೆಂದು ಬಾಗಿಲಿನಿಂದ ಮೇಜಿನವರೆಗೆ ಅಂಬೆಗಾಲಿಟ್ಟೆ. ಆದರೆ ತಲೆಯ ಮೇಲೆ ಹೆಲ್ಮೆಟ್ ಇದೆಯೆಂಬುದು ಮರೆತುಹೋಗಿತ್ತು. ಜಿನೀವಾದ ಮೂವರ ಕಣ್ಣ ಮುಂದೆ ಗುಲಾಬಿ ಗುಮ್ಮಟವೊಂದು ಪರದೆಯ ತಳದಲ್ಲಿ ಎಡದಿಂದ ಬಲಕ್ಕೆ ಸಾಗಿತಂತೆ.

ಕಿಟಕಿ ಮುಚ್ಚಿತ್ತು. ಮೋಡೆಮ್ ಒಳಗೇ ಇತ್ತು, ಹಸಿರು ದೀಪ ಹೊತ್ತಿಸಿಕೊಂಡು ಆರಾಮಾಗಿತ್ತು.

"ಈಸ್ ಎವೆರಿಥಿಂಗ್ ಆಲ್ರೈಟ್?" ಎಂದು ಒಬ್ಬ ಮಹಿಳೆಯ ದನಿ ಕೇಳಿತು.

"ಮೈ ಹಸ್ಬೆಂಡ್. ಹೀ ಈಸ್ ಸಪೋರ್ಟಿಂಗ್ ಮೀ" ಎಂದಳು ಪ್ರತಿಮಾ. ತಲೆ ತಿರುಗಿಸದೆಯೇ ಡ್ರಾಯರಿನಿಂದ ಕೀಲಿ ತೆಗೆದು ಕೆಳಕ್ಕೆ ಚಾಚಿ, ಜೇನಿನಂಥ ದನಿಯಲ್ಲಿ ಹೇಳಿದಳು: "ತಗೊಳ್ರೀ."

ಅವಳು 'ರೀ' ಎನ್ನುವುದು ಕೋಪ ನೆತ್ತಿಗೇರಿದಾಗ ಮಾತ್ರ. ನಾನು ಬಂದ ಹಾಗೆಯೇ ಅಂಬೆಗಾಲಲ್ಲಿ ಹಿಂದಿರುಗಿದೆ.

ಅವಳ ಹನ್ನೊಂದು ವರ್ಷವನ್ನು ಒಂದೇ ಗಂಟೆಯಲ್ಲಿ ಮುಳುಗಿಸಿದೆನೆಂದು ಕೊರಗುತ್ತ ಅಡುಗೆಮನೆಯಲ್ಲಿ ಕುಳಿತು ತೊಟ್ಟಿಕ್ಕುತ್ತಿದ್ದಾಗ ಅವಳು ಹೊರಬಂದಳು. ನಾನು ಎದ್ದು ನಿಂತು ಬೇಷರತ್ ಕ್ಷಮಾಪಣೆ ಓದತೊಡಗಿದೆ.

"ಕೂತ್ಕೋ" ಎಂದಳು. ಅವಳ ತುಟಿ ಅದುರುತ್ತಿತ್ತು. ಅಳುವೋ ನಗುವೋ ತಿಳಿಯಲಿಲ್ಲ. "ನೀನು ಕೀಲಿ ತಗೊಂಡು ಹೋದ್ಯಲ್ಲ, ಆಗ್ಲೇ ಕೇಳಿದ್ರು. ಒಂದು ಲೋಪನ ನೀವು ಹೇಗೆ ತನಿಖೆ ಮಾಡ್ತೀರಿ, ಉದಾಹರಣೆ ಕೊಡಿ ಅಂತ. ಫ್ಯಾಕ್ಟ್ರಿದು ಒಂದು ರೆಡಿ ಮಾಡ್ಕೊಂಡಿದ್ದೆ. ಅದನ್ನ ಬಿಟ್ಟು, ಕ್ಯಾಮೆರಾ ಕಿಟಕಿ ಕಡೆ ತಿರುಗಿಸ್ದೆ."

"ಹಾಸಿಗೆ... ಕಾಣಿಸ್ತಾ?"

"ಎಂಟೂ ಕಾಣಿಸ್ತು. ಮಾಮಾ ವಂಬುಯಿ ಕೈ ಬೀಸಿದ್ರು ಕೂಡ."

"ಅಂಥ ತನಿಖೆಗಳಲ್ಲಿ 'ಮೂಲ ಕಾರಣ' ಅಂತ ಒಂದು ಬರುತ್ತಲ್ಲ. ಅದೇನಂದೆ? ಸ್ಥಳೀಯ ಆಡಳಿತದ ವೈಫಲ್ಯ ಅಂದ್ಯಾ?"

"ನಿನ್ನ ಹೆಸರು ಹೇಳ್ದೆ. ಇನಿಷಿಯಲ್ ಸಮೇತ."

ಎರಡು ವಾರದ ನಂತರ ನೇಮಕಾತಿ ಪತ್ರ ಬಂತು. ಅಷ್ಟು ಸ್ಪಷ್ಟವಾದ ಉದಾಹರಣೆಯನ್ನು ತಾವು ಹಿಂದೆಂದೂ ಕೇಳಿರಲಿಲ್ಲವೆಂದೂ, ಹೊಸಬರ ತರಬೇತಿಯಲ್ಲಿ ಅದನ್ನು ಬಳಸಿಕೊಳ್ಳಲು ಅವಳ ಅನುಮತಿ ಬೇಕೆಂದೂ ಕೊನೆಯಲ್ಲಿ ಬರೆದಿದ್ದರು. ನಾನು ತಕ್ಷಣ ಆಕ್ಷೇಪಿಸಿದೆ. ಸಂಬಂಧಪಟ್ಟ ವ್ಯಕ್ತಿ ಜೀವಂತವಾಗಿ ಎದುರಿಗೇ ಇರುವಾಗ ಅವನ ಒಪ್ಪಿಗೆ ಕೇಳದಿರುವುದು ಶುದ್ಧ ತಪ್ಪು, ಇದು ಹಕ್ಕಿನ ಪ್ರಶ್ನೆ ಎಂದೆ.

ಪೂರ್ವ ಆಫ್ರಿಕಾದ ಮುಖ್ಯಸ್ಥೆ ಪತ್ರಕ್ಕೆ ಸಹಿ ಹಾಕುತ್ತ, ತಲೆಯೆತ್ತದೆ ಹೇಳಿದಳು:

"ಲೋಪದ ಒಪ್ಪಿಗೆ ಕೇಳೋ ಪದ್ಧತಿ ನಮ್ಮಲ್ಲಿಲ್ಲ, ಸುಧಿ."