ಹತ್ತು ನಿಮಿಷ ಹಳೆಯ ಗಾಳಿ

ನಮ್ಮ ಭಾವ ಆಕಾಶ ನೋಡುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಜಗಳೂರು ಸೀಮೆಯ ರೈತ ತಲೆ ಎತ್ತದೆ ಬದುಕಲು ಸಾಧ್ಯವೇ? ಸಾಧ್ಯ, ಮೊಬೈಲಿನಲ್ಲಿ ರಾಡಾರ್ ಚಿತ್ರ ಬರುತ್ತಿದ್ದರೆ. ಮಳೆಯಲ್ಲಿ ನೆನೆಯುತ್ತ ನಿಂತು "ಇನ್ನೂ ಇಲ್ಲಿಗೆ ಬಂದಿಲ್ಲ" ಎಂದವರು ಅವರು.

ಗಾಳಿ ರಾಡಾರಿಗೂ ಕಾಣುವುದಿಲ್ಲವಂತೆ. ರಾಡಾರು ಬಿಟ್ಟ ಅಲೆ ಗಾಳಿಯಲ್ಲಿ ತೇಲುವ ಹನಿ, ಧೂಳು, ಹುಳುಗಳಿಗೆ ತಾಗಿ ಮರಳುತ್ತದೆ. ಮರಳುವಾಗ ಎಷ್ಟು ಬದಲಾಗಿದೆ ಎಂಬುದರಿಂದ ಗಾಳಿ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುತ್ತದೆ. ಇದನ್ನು ಭಾವ ಕಣದಲ್ಲಿ ಮೆಕ್ಕೆಜೋಳ ಹರಡುತ್ತಿದ್ದ ಹೆಂಗಸರಿಗೆ ದಾವಣಗೆರೆ ಬಸ್ಸಿನ ಮೂಲಕ ವಿವರಿಸಿದರು.

"ಹಾರನ್ನು ಬರೋವಾಗ ಕೀರಲು, ಹೋಗೋವಾಗ ದಪ್ಪ. ಕೇಳೀರಿಲ್ಲ?"

"ದಪ್ಪಂದು ಕೇಳೀವಪ್ಪ," ಎಂದಳು ಒಬ್ಬ ಅಜ್ಜಿ. "ನಾವು ಬರೋದ್ರಾಗೆ ಬಸ್ಸು ಹೋಗಿರತೈತೆ."

ಗಾಳಿ ಎದ್ದರೆ ರಾಶಿಯ ಮೇಲೆ ತಾಡಪಾಲು ಎಳೆದು ಮೂಲೆಗೊಬ್ಬರು ಅದರ ಹಗ್ಗ ಹಿಡಿದು ಕೂರುವುದು ನಮ್ಮ ಕಣದ ಪದ್ಧತಿ. ಭಾವ ಇದನ್ನೂ ಶಾಸ್ತ್ರೀಯಗೊಳಿಸಿದರು. ಬಂದ ನೆಂಟರಿಗೆ ನೀರು ಕೊಡುವ ಮೊದಲು ತೂಕ ಕೇಳುತ್ತಿದ್ದರು. ಎಂಬತ್ತು ಕೆಜಿ ದಾಟಿದವರನ್ನು ಇನ್ನೆರಡು ದಿನ ಇರಲು ಒತ್ತಾಯಿಸುತ್ತಿದ್ದರು. ನನ್ನನ್ನು, ಐವತ್ತೆಂಟು ಕೆಜಿಯವನನ್ನು, ಯಾರೂ ಒತ್ತಾಯಿಸಲಿಲ್ಲ.

ಕಳೆದ ದೀಪಾವಳಿಗೆ ಎಂಟು ದಿನವಿತ್ತು. ವರ್ಷದ ಬೆಳೆಯೆಲ್ಲ ಕಣದಲ್ಲಿತ್ತು. ಮಧ್ಯಾಹ್ನ ಭಾವ ಮೊಬೈಲು ತೋರಿಸಿದರು. ಮಳೆಯ ಬಣ್ಣಗಳಿಗಿಂತ ಮುಂದೆ ಕೂದಲೆಳೆಯಂಥ ಒಂದು ಗೆರೆ. ಮೋಡದಿಂದ ಕೆಳಗೆ ಬಿದ್ದ ತಣ್ಣನೆಯ ಗಾಳಿ ನೆಲ ಹಿಡಿದು ಓಡುತ್ತದೆ, ಅದರ ಅಂಚಂತೆ ಇದು.

"ಹದಿನೈದು ನಿಮಿಷ ಐತೆ. ತಾಡಪಾಲು ಎಳೆದು ಚಾ ಕುಡೀರಿ."

ಲೆಕ್ಕ ಸರಿಯಾಗಿತ್ತು. ಚಿತ್ರ ಮಾತ್ರ ಹತ್ತು ನಿಮಿಷ ಹಳೆಯದಾಗಿತ್ತು.

ನಾನು ಬಿ.ಎಸ್ಸಿ. ಓದಿದವನು. ಆದ್ದರಿಂದ ನನ್ನ ಮೂಲೆಯ ಹಗ್ಗ ಜಾರಬಾರದೆಂದು ಮುಂಗೈಗೆ ಮೂರು ಸುತ್ತು ಸುತ್ತಿಕೊಂಡಿದ್ದೆ. ಗಾಳಿ ತಾಡಪಾಲಿನ ಅಡಿಗೆ ನುಗ್ಗಿತು. ಉಳಿದ ಮೂವರೂ ಕೈಬಿಟ್ಟರು. ನನಗೆ ಆ ಸೌಲಭ್ಯವಿರಲಿಲ್ಲ. ಒಂದು ಗಳಿಗೆ ಟ್ರ್ಯಾಕ್ಟರಿನ ನೆತ್ತಿ ಕಂಡಿತು. ಅದು ನನ್ನ ಎತ್ತರಕ್ಕೆ ಕಾಣುವಂಥದ್ದಲ್ಲ. ಆಮೇಲೆ ನೆಲಕ್ಕೆ ಬಿದ್ದು, ಹೊಟ್ಟೆಯ ಮೇಲೆ ಜಾರುತ್ತ, ಕಣದ ಪಕ್ಕದ ತೆರೆದ ಬಾವಿಯ ಕಡೆಗೆ ಹೊರಟೆ. ಈಗಲೂ ಫ್ಯಾನು ಜೋರಾದರೆ ಕೈ ಎದೆಗೆ ಎಳೆದುಕೊಳ್ಳುತ್ತೇನೆ.

ಬಾವಿಗೆ ಮೂರು ಮಾರು ಇದ್ದಾಗ ಯಾರೋ ಮೈಮೇಲೆ ಬಿದ್ದರು. ಭಾವ. ಕುಡುಗೋಲಿನಿಂದ ಹಗ್ಗ ಕತ್ತರಿಸಿದರು. ತಾಡಪಾಲು ಬಾವಿ ದಾಟಿ ಹಾರಿಹೋಯಿತು. ಹಿಂದೆಯೇ ಮಳೆ ಸುರಿಯಿತು.

"ರಾಶಿ, ಭಾವ," ಎಂದೆ.

ಅವರು ಆ ಕಡೆ ತಿರುಗಲಿಲ್ಲ. ನನ್ನ ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೆಸರಿನಲ್ಲಿ ಕೂತಿದ್ದರು.

"ಬೆರಳು ಆಡ್ಸು."

ಆಡಿಸಿದೆ.

"ಇನ್ನೊಂದ್ಸಲ ಆಡ್ಸು."

ರಾಶಿ ಪೂರಾ ನೆನೆಯುವ ತನಕ ಆಡಿಸುತ್ತಲೇ ಇದ್ದೆ.